ನದಿಯ ಆ ದಡದ ವೋಟು

ನಮ್ಮ ಮನೆ ನ್ಯೂಜೆರ್ಸಿಯಲ್ಲಿ. ಡೆಲವೇರ್ ನದಿಯ ಸೇತುವೆ ದಾಟಿದರೆ ಪೆನ್ಸಿಲ್ವೇನಿಯ, ಅಲ್ಲಿ ನನ್ನ ಹಳೇ ಗೆಳೆಯ ಇದ್ದಾನೆ. 2024ರಲ್ಲಿ ಇಬ್ಬರಿಗೂ ಇಲ್ಲಿ ಮೊದಲ ವೋಟು. ಅವನಿಗೆ ದಿನಾ ಫೋನು, ಮೆಸೇಜು, ಬಾಗಿಲು ತಟ್ಟುವವರು. ಬಂದ ಕರಪತ್ರಗಳನ್ನು ಹರಡಿಕೊಂಡು ಅವನ ಹೆಂಡತಿ ಅದರ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ನಮ್ಮ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಟೀವಿ ಮಾತ್ರ ನಮಗೂ ಫಿಲಡೆಲ್ಫಿಯದ್ದೇ, ಹಾಗಾಗಿ ಪಕ್ಕದ ಮನೆ ಒಗ್ಗರಣೆ ಘಮ ಬಂದ ಹಾಗೆ ಅವರ ಜಾಹೀರಾತು ನಮಗೂ ಬರುತ್ತಿತ್ತು.

ಆಗ ಹಾಸನದಿಂದ ಅಪ್ಪ ಬಂದಿದ್ದರು. ಮೇಷ್ಟ್ರಾಗಿದ್ದವರು, ಎಷ್ಟೋ ಸಲ ಎಲೆಕ್ಷನ್ ಡ್ಯೂಟಿ ಮಾಡಿದವರು. "ಎಲ್ಲಿ ಹಾಕಿದರೂ ವೋಟು ವೋಟೇ ಅಲ್ವೇನೋ?" ಅಂದರು.

ಇಲ್ಲಿ ಅಲ್ಲ. ಅಧ್ಯಕ್ಷರನ್ನು ಆರಿಸುವುದು 538 ಎಲೆಕ್ಟರುಗಳು, ಅಂದರೆ ರಾಜ್ಯಗಳ ಪರವಾಗಿ ವೋಟು ಹಾಕುವ ಪ್ರತಿನಿಧಿಗಳು. 270 ಸಿಕ್ಕರೆ ಗೆಲುವು. ಒಂದು ರಾಜ್ಯಕ್ಕೆ ಕೆಳಮನೆಯಲ್ಲಿ ಎಷ್ಟು ಸೀಟೋ ಅಷ್ಟು ಎಲೆಕ್ಟರುಗಳು, ಜೊತೆಗೆ ಮೇಲ್ಮನೆ ಸೆನೆಟಿನ ಲೆಕ್ಕಕ್ಕೆ ಇನ್ನೆರಡು. ಮೇನ್, ನೆಬ್ರಾಸ್ಕ ಬಿಟ್ಟರೆ ಎಲ್ಲ ಕಡೆ ಒಂದೇ ವೋಟು ಜಾಸ್ತಿ ಬಿದ್ದರೂ ರಾಜ್ಯದ ಅಷ್ಟೂ ಎಲೆಕ್ಟರುಗಳು ಗೆದ್ದವರ ಪಾಲು. ನಮ್ಮ 14 ಯಾರಿಗೆ ಅಂತ ಎಲ್ಲರಿಗೂ ಗೊತ್ತು, 1992ರಿಂದ ಡೆಮಾಕ್ರಟಿಕ್ ಪಕ್ಷಕ್ಕೇ. ಪೆನ್ಸಿಲ್ವೇನಿಯದ ಎಲೆಕ್ಟರುಗಳು (2020ರವರೆಗೆ 20, ಈಗ 19) ಮಾತ್ರ 2016ರಲ್ಲಿ ಟ್ರಂಪ್ ಕಡೆ, 2020ರಲ್ಲಿ ಬೈಡನ್ ಕಡೆ, 2024ರಲ್ಲಿ ಮತ್ತೆ ಟ್ರಂಪ್ ಕಡೆ.

ಒಂದು ಭಾನುವಾರ ಅಪ್ಪನನ್ನು ಫಿಲಡೆಲ್ಫಿಯದ ಇಂಡಿಪೆಂಡೆನ್ಸ್ ಹಾಲ್‌ಗೆ ಕರೆದುಕೊಂಡು ಹೋದೆ. 1787ರ ಬೇಸಿಗೆಯಲ್ಲಿ, ಸಂವಿಧಾನ ಬರೆಯಲು ಸೇರಿದ ಸಭೆಯಲ್ಲಿ, ಈ ಪದ್ಧತಿ ಹುಟ್ಟಿದ್ದು ಅಲ್ಲೇ. ಜನರೇ ನೇರವಾಗಿ ಆರಿಸಲಿ ಅಂತ ಜೇಮ್ಸ್ ವಿಲ್ಸನ್ ಹೇಳಿದ್ದ. ಅದು ಕುರುಡನಿಗೆ ಬಣ್ಣ ಆರಿಸು ಅಂದ ಹಾಗೆ ಅಂತ ಜಾರ್ಜ್ ಮೇಸನ್ ತಳ್ಳಿಹಾಕಿದ. ಕಾಂಗ್ರೆಸ್ಸೇ, ಅಂದರೆ ಇಲ್ಲಿನ ಸಂಸತ್ತೇ ಆರಿಸಿದರೆ ಅಧ್ಯಕ್ಷ ಅದರ ಕೈಗೊಂಬೆ ಆಗುತ್ತಾನೆ ಅನ್ನುವ ಭಯ ಬೇರೆ. ಆದರೆ ನನಗೆ ಮರೆಯಲಾಗದ್ದು ಅದೇ ಸಭೆಯಲ್ಲಿದ್ದ ವರ್ಜೀನಿಯದ ಜೇಮ್ಸ್ ಮ್ಯಾಡಿಸನ್ ಮಾತು. ನೇರ ಚುನಾವಣೆಯೇ ಒಳ್ಳೆಯದು, ಆದರೆ ದಕ್ಷಿಣದ ಗುಲಾಮರಿಗೆ ವೋಟಿಲ್ಲವಲ್ಲ, ಹಾಗೆ ಮಾಡಿದರೆ ದಕ್ಷಿಣದ ರಾಜ್ಯಗಳ ಕೈ ಕೆಳಗಾಗುತ್ತೆ ಅಂತ ಅವನೇ ಬಾಯಿಬಿಟ್ಟು ಹೇಳಿದ. ಐದು ಗುಲಾಮರನ್ನು ಮೂರು ಜನ ಅಂತ ಎಣಿಸಿ ರಾಜ್ಯಗಳಿಗೆ ಕೆಳಮನೆ ಸೀಟು ಕೊಡಲು ಅದಾಗಲೇ ಒಪ್ಪಿಯಾಗಿತ್ತು. ಎಲೆಕ್ಟರುಗಳ ಮೂಲಕ ಆ ಲೆಕ್ಕ ಅಧ್ಯಕ್ಷರ ಕುರ್ಚಿಗೂ ಬಂತು. ಮೊದಲ 36 ವರ್ಷಗಳಲ್ಲಿ 32 ವರ್ಷ ದಕ್ಷಿಣದ ವರ್ಜೀನಿಯದವರೇ ಅಧ್ಯಕ್ಷರು!

ಜಾಸ್ತಿ ವೋಟು ಬಿದ್ದವರು ಸೋತದ್ದು ಐದು ಸಲ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಮೀರಿ ವೋಟು ಜಾಸ್ತಿ ಬಿದ್ದರೂ ಸೋತರು. ಜನ ತೀರ ಕಮ್ಮಿ ಇರುವ ವಯೋಮಿಂಗ್‌ನಲ್ಲಿ ಎರಡು ಲಕ್ಷ ಜನಕ್ಕಿಂತ ಕಡಿಮೆಗೆ ಒಬ್ಬ ಎಲೆಕ್ಟರು, ಕ್ಯಾಲಿಫೋರ್ನಿಯದಲ್ಲಿ ಏಳು ಲಕ್ಷಕ್ಕಿಂತ ಜಾಸ್ತಿ ಜನಕ್ಕೆ ಒಬ್ಬ. ಇದು ಸಣ್ಣ ರಾಜ್ಯಗಳಿಗೆ ರಕ್ಷಣೆ ಅಂತಾರೆ. ಸುಮ್ನೆ ಮಾತು ಅನ್ಸುತ್ತೆ ನನಗೆ, ಯಾಕಂದ್ರೆ ವಯೋಮಿಂಗ್ ಕಡೆಗೂ ಪ್ರಚಾರಕ್ಕೆ ಯಾರೂ ತಲೆ ಹಾಕಲ್ಲ. ಇದನ್ನು ತೆಗೆದುಹಾಕೋಣ ಅಂತ 1969ರಲ್ಲಿ ಕೆಳಮನೆ 338–70ರಲ್ಲಿ ಒಪ್ಪಿತ್ತು. ಮರುವರ್ಷ ಸೆನೆಟಿನಲ್ಲಿ ಮಾತಾಡಿ ಮಾತಾಡಿಯೇ ಅದನ್ನು ಮುಳುಗಿಸಿದರು.

ಅಪ್ಪ ಎಲ್ಲ ಕೇಳಿಸಿಕೊಂಡರು. "ನಮ್ಮ ರಾಷ್ಟ್ರಪತಿನೂ ಹೀಗೇ ಅಲ್ವಾ? ಶಾಸಕರು, ಸಂಸದರು ಆರಿಸೋದು. ಆದರೆ ನಮ್ಮಲ್ಲಿ ಜನಸಂಖ್ಯೆ ನೋಡಿ ತೂಕ ಕಣೋ. ಕರ್ನಾಟಕದ ಶಾಸಕರ ವೋಟಿಗೆ 131, ಉತ್ತರ ಪ್ರದೇಶದವರದ್ದಕ್ಕೆ 208." ಅದೂ 1971ರ ಜನಗಣತಿ ಲೆಕ್ಕ, ಅದು ಬೇರೆ ಜಗಳ. ಅಲ್ಲದೆ ಸರ್ಕಾರ ನಡೆಸೋದು ರಾಷ್ಟ್ರಪತಿ ಅಲ್ಲವಲ್ಲ.

ವಾಪಸ್ ಬರುವಾಗ ಸೇತುವೆ ಮೇಲೆ ಅಪ್ಪ ಟೋಲ್ ಹುಡುಕಿದರು. ಆ ಕಡೆ ಹೋಗೋವಾಗ ಮಾತ್ರ ಕಟ್ಟಬೇಕು, ಈ ಕಡೆ ಬರೋದಕ್ಕೆ ಇಲ್ಲ ಅಂದೆ.

"ಟೋಲಿಗೂ ನಿಮ್ಮ ನ್ಯೂಜೆರ್ಸಿ ಬೇಡವೇನೋ!" ಅಂತ ನಕ್ಕರು.