ಎಡಗೈಯ ಬಿಡುವು

ನಮ್ಮ ಮನೆಯಲ್ಲಿ ಬೆಳಗಿನ ಆರೂವರೆಗೆ ಎರಡು ಸದ್ದುಗಳು ಒಟ್ಟಿಗೆ ಏಳುತ್ತವೆ. ಅಡುಗೆಮನೆಯಲ್ಲಿ ನಾನು ಜೋಳದ ರೊಟ್ಟಿ ಬಡಿಯುವ ಸದ್ದು ಒಂದು. ಅದರಾಚೆ ಅತ್ತೆಯವರು ಲಿಂಗವಿಡುವ ಬೆಳ್ಳಿಯ ಗುಂಡಗಡಗಿಯ ಮುಚ್ಚಳ ತೆಗೆಯುವ ಸಣ್ಣ ಸದ್ದು ಇನ್ನೊಂದು. ಧಾರವಾಡದ ಈ ಮನೆಗೆ ನಾನು ಸೊಸೆಯಾಗಿ ಬಂದು 22 ವರ್ಷಗಳಾದವು. ಮೊದಲನೆಯ ಸದ್ದು ನನ್ನದು, ಎರಡನೆಯದು ಅವರದು ಎಂದು ಯಾರೂ ಕೂತು ಹಂಚಿಕೊಟ್ಟದ್ದಲ್ಲ. ನಾನು ಬರುವುದಕ್ಕೆ ಮುಂಚೆ ರೊಟ್ಟಿಯ ಸದ್ದು ಅತ್ತೆಯವರದಾಗಿತ್ತು, ಗುಂಡಗಡಗಿಯ ಸದ್ದು ಮಾವನವರದಾಗಿತ್ತು.

ಲಿಂಗಾಯತರ ಮನೆಯ ಪೂಜೆಯನ್ನು ಹತ್ತಿರದಿಂದ ನೋಡದವರಿಗಾಗಿ ಇಷ್ಟು ಹೇಳಬೇಕು. ಇಷ್ಟಲಿಂಗವೆಂದರೆ ಕೊರಳಲ್ಲಿ ಶಿವದಾರಕ್ಕೆ ಕಟ್ಟಿಕೊಂಡು ಎದೆಯ ಮೇಲೆ ಧರಿಸುವ ಪುಟ್ಟ ಲಿಂಗ. ಕಪ್ಪು ಕಂತಿಯ ಹೊದಿಕೆಯಿಂದಾಗಿ ಅದರ ಮೈ ನುಣ್ಣಗೆ ಹೊಳೆಯುತ್ತದೆ, ದೀಪದ ಕುಡಿ ಅದರಲ್ಲಿ ಒಂದು ಚುಕ್ಕೆಯಾಗಿ ಮೂಡುತ್ತದೆ. ಸ್ನಾನ ಮಾಡಿ, ಹಣೆಗೆ ಈಬತ್ತಿ ಹಚ್ಚಿಕೊಂಡು, ಆ ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಧರಿಸಿ, ಪತ್ರಿ ಏರಿಸಿ, ಆಮೇಲೆ ಸುಮ್ಮನೆ ಅದನ್ನೇ ನೋಡುತ್ತ ಕೂಡಬೇಕು. ಪೂಜಾರಿ ಬೇಡ, ಗುಡಿ ಬೇಡ, ಮುಹೂರ್ತ ಬೇಡ. ಕೇಳುವುದಕ್ಕೆ ಇದಕ್ಕಿಂತ ಸುಲಭದ ಪೂಜೆ ಇರಲಾರದು.

ಆದರೆ ಮನೆ ನಡೆಸುವ ಹೆಂಗಸಿಗೆ ಇದರಲ್ಲಿ ಒಂದು ತೊಡಕಿದೆ. ಉಳಿದ ಪೂಜೆಗಳನ್ನು ಓಡಾಡುತ್ತಲೇ ಮಾಡಬಹುದು. ದೀಪ ಹಚ್ಚಿ ಬಂದು ಒಗ್ಗರಣೆ ಹಾಕಬಹುದು, ಒಂದು ಸೌಟು ಸಾರು ತಿರುವಿ ಹೋಗಿ ಊದಿನಕಡ್ಡಿ ಬೆಳಗಬಹುದು, ಸ್ತೋತ್ರವನ್ನಂತೂ ಪಾತ್ರೆ ತಿಕ್ಕುವಾಗಲೇ ಹೇಳಿಕೊಳ್ಳುವವರಿದ್ದಾರೆ. ಲಿಂಗವನ್ನು ಅಂಗೈಯ ಮೇಲೆ ಇಟ್ಟುಕೊಂಡ ಮೇಲೆ ಮಾತ್ರ ಹಾಗೆ ಏಳುವಂತಿಲ್ಲ. ಎಡಗೈ ಸಂಪೂರ್ಣವಾಗಿ ಅದಕ್ಕೆ ಮೀಸಲು, ಮತ್ತು ಎಡಗೈ ಕಟ್ಟಿಹೋದರೆ ಬಲಗೈಗೂ ಮನೆಗೆಲಸವಿಲ್ಲ. ಈ ಧರ್ಮ ನಮ್ಮಿಂದ ಕೇಳುವುದು ಒಂದೇ ಒಂದು ಅಂಗೈಯನ್ನು. ಮನೆಯಲ್ಲಿ ಹೆಂಗಸಿಗೆ ಬಿಡುವಿಲ್ಲದ್ದೂ ಅದಕ್ಕೇ.

ನನ್ನ ಲಿಂಗದ ಕಥೆಯನ್ನು ಮುಚ್ಚಿಡುವುದಿಲ್ಲ. ನನಗೆ ಒಂಬತ್ತು ವರ್ಷವಾದಾಗ ನಮ್ಮೂರ ಮಠದಲ್ಲಿ ದೀಕ್ಷೆಯಾಯಿತು. ಊಟಕ್ಕೆ ಮುಂಚೆ ಲಿಂಗಪೂಜೆ ಎಂಬ ನಿಯಮವನ್ನು ಅವ್ವನ ಹೆದರಿಕೆಯಿಂದ ಹೈಸ್ಕೂಲಿನವರೆಗೆ ಪಾಲಿಸಿದೆ. ಕಾಲೇಜಿಗೆಂದು ಹಾಸ್ಟೆಲ್ ಸೇರಿದ ಮೇಲೆ, ನೀರಿಗಾಗಿ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುವ ಬೆಳಗುಗಳಲ್ಲಿ, ಅದು ವಾರಕ್ಕೊಮ್ಮೆಯಾಗಿ, ಆಮೇಲೆ ಶಿವರಾತ್ರಿಗೊಮ್ಮೆಯಾಗಿ, ಕೊನೆಗೆ ಲಿಂಗ ಟ್ರಂಕಿನ ತಳದಲ್ಲಿ ಒಂದು ಬಟ್ಟೆಯ ಗಂಟಿನೊಳಗೆ ಉಳಿಯಿತು. ಮದುವೆಯಲ್ಲಿ ಮತ್ತೆ ಕೊರಳಿಗೆ ಬಂದು, ಮೂರನೆಯ ತಿಂಗಳಿಗೆ ಕಪಾಟಿಗೆ ಹೋಯಿತು. ನಮ್ಮ ಯಜಮಾನರದು ಅದಕ್ಕಿಂತ ಮೊದಲೇ ಅಲ್ಲಿತ್ತು. ಲಿಂಗವಿದ್ದ ಎರಡು ಕರಡಿಗೆಗಳು ಬಂಗಾರದ ಡಬ್ಬಿಯ ಪಕ್ಕದಲ್ಲಿ, ಬ್ಯಾಂಕಿನ ಕಾಗದಗಳ ಮೇಲೆ, ವರ್ಷಗಟ್ಟಲೆ ಜೊತೆಯಾಗಿ ಕೂತಿದ್ದವು.

ಮಾವನವರು ಹಾಗಲ್ಲ. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿದ್ದ ಅವರಿಗೆ ಅನೇಕ ವರ್ಷ ಬೆಳಗಿನ ಮೊದಲ ಬಸ್ಸಿನ ಪಾಳಿ. ನಾಲ್ಕಕ್ಕೆ ಎದ್ದು, ತಣ್ಣೀರು ಹೊಯ್ದುಕೊಂಡು, ಅರ್ಧ ಗಂಟೆ ಲಿಂಗದ ಮುಂದೆ ಕೂತೇ ಹೊರಡುತ್ತಿದ್ದರು. ಅವರ ನಿಷ್ಠೆಯನ್ನು ಬೀಗರೆಲ್ಲ ಹೊಗಳುತ್ತಿದ್ದರು, ನಾನೂ ಹೊಗಳಿದವಳೇ. ಆದರೆ ಆ ಅರ್ಧ ಗಂಟೆಯ ಹಿಂದೆ ಮೂರೂವರೆಗೆ ಎದ್ದು ಒಲೆ ಹಚ್ಚಿ, ಮಡಿ ಬಟ್ಟೆ ತೆಗೆದಿಟ್ಟು, ಹಿತ್ತಲಿನ ಬಿಲ್ವದ ಗಿಡದಿಂದ ಪತ್ರಿ ಹರಿದು ತಂದು, ಪೂಜೆಯ ತಂಬಿಗೆ ತಿಕ್ಕಿಟ್ಟು, ಬುತ್ತಿ ಕಟ್ಟುತ್ತಿದ್ದ ಇನ್ನೊಬ್ಬರು ಇದ್ದರು. ಅವರು ಆಗ ದಿನಕ್ಕೆ ಎಷ್ಟು ಹೊತ್ತು ಪೂಜೆಗೆ ಕೂಡುತ್ತಿದ್ದರು ಎಂದು ಒಮ್ಮೆ ಕೇಳಿದ್ದೆ. ಅತ್ತೆಯವರು ನಕ್ಕು, "ಕೂಡೂದು ಎಲ್ಲಿ ಬಂತವಾ? ಲಿಂಗಕ್ಕ ನೀರು ತೋರಿಸಿ, ಕಣ್ಣಿಗೆ ಒತ್ತಿಕೊಂಡು, ಮತ್ತ ಕಟ್ಟಿಕೊಳ್ಳೂದು. ಅಷ್ಟ" ಎಂದಿದ್ದರು. ದೂರಿನ ದನಿಯಿರಲಿಲ್ಲ ಅದರಲ್ಲಿ. ದೂರು ನನ್ನದು.

ಮಾವನವರು ತೀರಿಕೊಂಡದ್ದು ಆರು ವರ್ಷಗಳ ಹಿಂದೆ, ಒಂದು ಶ್ರಾವಣದಲ್ಲಿ. ನಮ್ಮಲ್ಲಿ ಸುಡುವುದಿಲ್ಲ. ಕೂತ ಭಂಗಿಯಲ್ಲೇ ಕೂರಿಸಿ, ಮೈತುಂಬ ವಿಭೂತಿ ಹಚ್ಚಿ, ಭಜನೆಯೊಂದಿಗೆ ಮೆರವಣಿಗೆ ಮಾಡಿ, ಗುಣಿಯೊಳಗೆ ಇಳಿಸಿ, ಎಡ ಅಂಗೈಯ ಮೇಲೆ ಅವರ ಲಿಂಗವನ್ನಿಟ್ಟು, ಪತ್ರಿ ಮತ್ತು ವಿಭೂತಿ ಸುರಿದು ಮಣ್ಣು ಮುಚ್ಚುತ್ತಾರೆ. ಬದುಕಿದ್ದಾಗ ಪೂಜೆಗೆ ಕೂತ ರೀತಿಯಲ್ಲೇ ಸಮಾಧಿಯಲ್ಲಿಯೂ ಕೂಡುವುದು. ಹೊಲದಿಂದ ತಿರುಗಿ ಬಂದ ಅತ್ತೆಯವರು ಮರುದಿನ ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ಯಾರನ್ನೂ ಕೇಳದೆ ದೇವರ ಖೋಲಿಗೆ ಹೋಗಿ, ಗಂಡ ಕೂಡುತ್ತಿದ್ದ ಮಣೆಯ ಮೇಲೆ ಕೂತರು. ಅಂದು ಅವರು ಎದ್ದು ಬರುವಾಗ ಮುಕ್ಕಾಲು ಗಂಟೆ ಆಗಿತ್ತು. ಬಂದ ಬಳಗದಲ್ಲಿ ಒಬ್ಬರು "ಸತ್ತ ಮನ್ಯಾಗ ಪೂಜೆ ಹೆಂಗ?" ಎಂದು ಗೊಣಗಿದ್ದಕ್ಕೆ, "ಲಿಂಗ ಇದ್ದಲ್ಲಿ ಸೂತಕ ಎಲ್ಲಿಂದ ಬಂತು?" ಎಂದು ಅತ್ತೆಯವರೇ ಉತ್ತರ ಕೊಟ್ಟಿದ್ದರು.

ಅವರನ್ನು ನೋಡಿಯೇ ನಾನೂ ಕಪಾಟಿನಿಂದ ನನ್ನ ಕರಡಿಗೆಯನ್ನು ಹೊರತೆಗೆದೆ. ಭಕ್ತಿ ಉಕ್ಕಿ ಬಂದು ಹಾಗೆ ಮಾಡಿದೆನೆಂದರೆ ಸುಳ್ಳಾಗುತ್ತದೆ. ಮುಕ್ಕಾಲು ಗಂಟೆ ಒಂದೆಡೆ ಸುಮ್ಮನೆ ಕೂಡುವುದಕ್ಕೆ ಅತ್ತೆಯವರು ಐವತ್ತು ವರ್ಷ ಕಾಯಬೇಕಾಯಿತು, ಅದೂ ವಿಧವೆಯಾದ ಮೇಲೆ, ಎಂಬ ಲೆಕ್ಕ ನನ್ನನ್ನು ಕುಟುಕಿತ್ತು. ಈಗ ನನಗೆ ದಿನಕ್ಕೆ ಏಳು ನಿಮಿಷ ಸಿಗುತ್ತದೆ. ಏಳು ಎಂಬುದನ್ನು ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ರೊಟ್ಟಿ ಮುಗಿದು, ಪಲ್ಯೆ ಇಳಿಸಿ, ಶಾಲೆಗೆ ಹೊರಡುವ ಮುಂಚಿನ ಏಳು ನಿಮಿಷ. ಮೊದಲ ಎರಡು ನಿಮಿಷ ಕಣ್ಣು ಲಿಂಗದ ಮೇಲಿದ್ದರೂ ಮನಸ್ಸು ಹಂಚಿನ ಮೇಲಿರುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಓಂ ನಮಃ ಶಿವಾಯದ ನಡುನಡುವೆ ಹಣಕುತ್ತದೆ. ಒಂದು ಸಲ ಹಾಲು ಉಕ್ಕಿದ ವಾಸನೆ ಬಂತು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಪತ್ರಿ. ಏಳಲೇ ಬೇಡವೇ ಎಂದು ಯೋಚಿಸುತ್ತಿದ್ದಾಗ ಯಜಮಾನರು ಪತ್ರಿಕೆ ಮಡಚಿಟ್ಟು ಹೋಗಿ ಒಲೆ ಆರಿಸಿ ಬಂದರು, ಮದುವೆಯಾದ ಮೇಲೆ ಮೊದಲ ಬಾರಿಗೆ ಕಟ್ಟೆಯನ್ನೂ ಒರೆಸಿದರು. ಅಂದಿನ ಪೂಜೆಗೆ ಸಿಕ್ಕ ಪ್ರಸಾದವನ್ನು ನಾನು ಇನ್ನೂ ಮರೆತಿಲ್ಲ.

ಇಷ್ಟೆಲ್ಲ ಹೇಳಿದರೂ ನಮ್ಮದು ಶಾಸ್ತ್ರದ ಪುಸ್ತಕದಿಂದ ಇಳಿದು ಬಂದ ಮನೆಯೇನಲ್ಲ. ಇಷ್ಟಲಿಂಗವಿದ್ದವರಿಗೆ ಗುಡಿಯ ಹಂಗಿಲ್ಲ ಎನ್ನುತ್ತೇವೆ, ಆದರೆ ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರ ನಮ್ಮ ಮನೆದೇವರು. ಜವಳ ತೆಗೆಸುವುದಕ್ಕೆ ಮಕ್ಕಳನ್ನು ಅಲ್ಲಿಗೇ ಒಯ್ದಿದ್ದೇವೆ. ಭಾರತ ಹುಣ್ಣಿಮೆಗೆ ಚನ್ನಬಸವಣ್ಣನವರು ಐಕ್ಯರಾದ ಉಳವಿಗೆ ಹೋಗುತ್ತೇವೆ. ಮಾವನವರು ಹುಡುಗರಾಗಿದ್ದಾಗ ಎತ್ತಿನ ಚಕ್ಕಡಿಯಲ್ಲಿ ಕಾಡು ದಾಟಿ ಹೋಗುತ್ತಿದ್ದರಂತೆ, ನಾವು ಬಸ್ಸಿನಲ್ಲಿ. ಸವದತ್ತಿಯ ಎಲ್ಲಮ್ಮನಿಗೆ ಅತ್ತೆಯವರ ಹರಕೆ ಒಂದಿಲ್ಲೊಂದು ಇದ್ದೇ ಇರುತ್ತದೆ. ಇದನ್ನು ಕಂಡು ಹಿಂದೆ ನನಗೆ ಸಿಟ್ಟು ಬರುತ್ತಿತ್ತು. ಈಗ ಅಷ್ಟು ಬರುವುದಿಲ್ಲ. ಹರಕೆ ಹೊತ್ತು ದಾರಿ ಸವೆಸುವುದರಲ್ಲಿ ಅತ್ತೆಯವರಿಗೆ ಮನೆಯಿಂದ ಎರಡು ದಿನ ಹೊರಗೆ ಹೋಗುವ ಸುಖವೂ ಇತ್ತು ಎಂಬುದು ತಡವಾಗಿ ತಿಳಿಯಿತು.

ಸಿಟ್ಟು ಬಂದದ್ದು ಕಳೆದ ವರ್ಷ, ಮಗಳ ವಿಷಯದಲ್ಲಿ. ಹನ್ನೆರಡು ತುಂಬಿದ ಕೂಡಲೆ ಅವಳಿಗೆ ದೀಕ್ಷೆ ಕೊಡಿಸಿದ್ದೆವು. ಲಿಂಗವನ್ನು ಮೈಯಿಂದ ಅಗಲಿಸಬಾರದು ಎಂದು ಗುರುಗಳು ಹೇಳಿದ್ದನ್ನು ಅವಳು ಅಕ್ಷರಶಃ ಹಿಡಿದಳು. ಆಟಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ. ದಿನ ಬೆಳಗ್ಗೆ ತನ್ನ ಆಯಿಯ ಪಕ್ಕದಲ್ಲಿ ಚಿಕ್ಕ ಮಣೆ ಹಾಕಿಕೊಂಡು ಕೂಡುತ್ತಿದ್ದಳು. ನಾಲ್ಕು ತಿಂಗಳ ನಂತರ ಅವಳು ದೊಡ್ಡಾಕಿಯಾದಳು. ಅತ್ತೆಯವರಿಗೆ ಸಂಭ್ರಮವೋ ಸಂಭ್ರಮ. ಉತ್ತತ್ತಿ, ಕೊಬ್ಬರಿ ತರಿಸಿ, ಅಂಟಿನುಂಡಿ ಕಟ್ಟಿಸಿ, ಆರತಿ ಮಾಡಿಸಿದರು. ಎಲ್ಲ ಮುಗಿದ ಮೇಲೆ ಸಹಜವಾಗಿ, "ಐದ ದಿನ ದೇವರ ಖೋಲಿಗೆ ಬರಬ್ಯಾಡ ಬಂಗಾರ" ಎಂದರು.

ಮಗಳು ಕೊರಳಿಗೆ ಕೈ ಹಾಕಿ ಕರಡಿಗೆಯನ್ನು ಹಿಡಿದುಕೊಂಡು, "ಆಯಿ, ಹಂಗಾದ್ರ ಇದನ್ನ ತೆಗೆದು ಕೊಡ್ಲೇನು?" ಎಂದು ಕೇಳಿದಳು.

ಅತ್ತೆಯವರು ಬೆಚ್ಚಿ, "ಛೀ, ಛೀ, ಲಿಂಗ ತೆಗೀಬಾರದು!" ಎಂದರು.

"ಲಿಂಗ ಮೈಮ್ಯಾಲೆ ಇರಬಹುದು, ನಾ ಖೋಲಿಯೊಳಗ ಬರಬಾರದು. ಹಂಗಾದ್ರ ಖೋಲಿಯೊಳಗ ಲಿಂಗಕ್ಕಿಂತ ದೊಡ್ಡದು ಏನೈತಿ?"

ಆ ಪ್ರಶ್ನೆಯನ್ನು ನಾನು ಹೇಳಿಕೊಟ್ಟಿದ್ದೆನೆಂದು ಅತ್ತೆಯವರು ನನ್ನ ಕಡೆ ನೋಡಿದರು. ಬಸವಣ್ಣನವರ ಆಣೆಗೂ ಹೇಳಿಕೊಟ್ಟಿರಲಿಲ್ಲ. ಕೇಳುವ ಧೈರ್ಯವಿದ್ದಿದ್ದರೆ ನಾನೇ 22 ವರ್ಷಗಳ ಹಿಂದೆ ಕೇಳಬೇಕಿತ್ತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಲಿಂಗವಂತರಿಗೆ ಇಲ್ಲವೆಂದು 12ನೆಯ ಶತಮಾನದ ಶರಣರು ತಳ್ಳಿಹಾಕಿದ್ದನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಪಾಠ ಮಾಡಿ ಮನೆಗೆ ಬಂದು, ತಿಂಗಳಿಗೆ ನಾಲ್ಕು ದಿನ ದೇವರ ಖೋಲಿಯ ಹೊಸ್ತಿಲಿನಿಂದ ಈಚೆ ನಿಂತಿದ್ದೇನೆ. ಸಾವಿನ ಸೂತಕವನ್ನು ಒಂದೇ ಮಾತಿನಲ್ಲಿ ಕೊಡವಿಕೊಂಡ ಅತ್ತೆಯವರಿಗೆ ಮುಟ್ಟಿನದನ್ನು ಕೊಡವಿಕೊಳ್ಳಲು ಆಗಲಿಲ್ಲ. ಸಾವಿನ ಸೂತಕ ಗಂಡಸರನ್ನೂ ಹಿಡಿಯುತ್ತಿತ್ತು, ಆದ್ದರಿಂದ ಅದು ಬೇಗ ಹೋಯಿತು ಎಂಬ ಕಹಿ ವಿಚಾರ ನನ್ನ ತಲೆಯಲ್ಲಿ ಸುಳಿಯದೆ ಇರಲಿಲ್ಲ.

ಅದೇ ವಾರ ನೆನಪಾದದ್ದು ಫ. ಗು. ಹಳಕಟ್ಟಿಯವರ ವಿಷಯ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿದ್ದ ಅವರು ವಚನಗಳ ತಾಳೆಗರಿಗಳನ್ನು ಹುಡುಕುತ್ತ ಊರೂರು, ಮನೆಮನೆ ತಿರುಗಿದರು; ಅವರ ಸಂಗ್ರಹದ ಮೊದಲ ಸಂಪುಟ 1923ರಲ್ಲಿ ಅಚ್ಚಾಯಿತು. ಆ ಗರಿಗಳ ಕಟ್ಟುಗಳು ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಇದ್ದವು. ಜನ ಅವುಗಳಿಗೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಸೂತಕವಿಲ್ಲ ಎಂದು ಸಾರುವ ಮಾತುಗಳು ಜಗಲಿಯ ಮೇಲೆ ಕಟ್ಟಿನೊಳಗೆ ಕೂತಿರುವಾಗ, ಸೂತಕವೆಂದು ಹೆಂಗಸರು ಅದೇ ಖೋಲಿಯ ಹೊರಗೆ ಕೂತಿದ್ದ ದೃಶ್ಯ ನನಗೆ ಬಿಡದೆ ಕಾಡಿತು. ನಮ್ಮ ಮನೆಯಲ್ಲಿ ತಾಳೆಗರಿಯಿಲ್ಲ, ಮಠದಿಂದ ಬಂದ ಅಚ್ಚಿನ ಪುಸ್ತಕಗಳಿವೆ. ಅವೂ ಜಗಲಿಯ ಮೇಲೆಯೇ ಇವೆ, ಅರಿಶಿನ ಬಟ್ಟೆಯಲ್ಲಿ ಸುತ್ತಿ.

ಮಗಳು ಆ ಪ್ರಶ್ನೆ ಕೇಳಿದ ದಿನ ರಾತ್ರಿ ಅತ್ತೆಯವರು ಸರಿಯಾಗಿ ಉಣ್ಣಲಿಲ್ಲ. ಅರ್ಧ ರೊಟ್ಟಿ, ಸ್ವಲ್ಪ ಮಜ್ಜಿಗೆ. ನಾನು ಪಾತ್ರೆ ಎತ್ತುವಾಗ ತಮ್ಮಷ್ಟಕ್ಕೆ ಎಂಬಂತೆ, "ನಮ್ಮವ್ವ ಹೊರಗ ಕುಂಡ್ರಿಸತಿದ್ಲು. ಮಳಿಯಾಗ, ದನದ ಕೊಟ್ಟಿಗಿ ಬಾಜೂಕ. ನಾ ಇಕಿನ್ನ ಮನಿ ತುಂಬ ತಿರುಗಾಕ ಬಿಟ್ಟೇನಿ, ಒಂದ ಖೋಲಿ ಅಷ್ಟ ಬ್ಯಾಡ ಅಂದೆ" ಎಂದರು. ಅದು ನಿಜ. ನನ್ನ ಸಿಟ್ಟಿಗೆ ಅಷ್ಟು ದೂರದ ಅಳತೆ ತಿಳಿದಿರಲಿಲ್ಲ. ಕೊಟ್ಟಿಗೆಯ ಪಕ್ಕದಿಂದ ದೇವರ ಖೋಲಿಯ ಹೊಸ್ತಿಲಿನವರೆಗೆ ಅವರೊಬ್ಬರೇ ನಡೆದು ಬಂದಿದ್ದರು. ನಾನು ಹೊಸ್ತಿಲಿನ ಬಳಿ ಬಂದು ನಿಂತವಳು, ಅಲ್ಲಿಯೇ ನಿಂತಿದ್ದೆ. ಯಾವ ಮಾತನ್ನೂ ಆಡಲಾಗದೆ ಪಾತ್ರೆ ತೊಳೆದೆ.

ಮರುದಿನ ಆರೂವರೆಗೆ ಗುಂಡಗಡಗಿಯ ಸದ್ದು ದೇವರ ಖೋಲಿಯಿಂದ ಬರಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಣಕಿ ನೋಡಿದೆ. ಅತ್ತೆಯವರು ತಮ್ಮ ಮಣೆಯನ್ನು ಪಡಸಾಲೆಗೆ ತಂದು ಹಾಕಿಕೊಂಡಿದ್ದರು. ಪಕ್ಕದಲ್ಲಿ ಮಗಳ ಚಿಕ್ಕ ಮಣೆ, ನಡುವೆ ಒಂದೇ ತಂಬಿಗೆ, ಒಂದೇ ಪತ್ರಿಯ ಬಟ್ಟಲು. ಇಬ್ಬರ ಎಡಗೈಗಳೂ ಎದೆಯ ಮಟ್ಟಕ್ಕೆ ಎತ್ತಿದ್ದವು. ಹುಡುಗಿ ಖೋಲಿಯೊಳಗೆ ಹೋಗಲಿಲ್ಲ, ಹೀಗಾಗಿ ಅತ್ತೆಯವರ ಅವ್ವನ ಮಾತು ಉಳಿಯಿತು; ಪೂಜೆ ತಪ್ಪಲಿಲ್ಲ, ಹೀಗಾಗಿ ಗುರುಗಳ ಮಾತೂ ಉಳಿಯಿತು. ಇದನ್ನು ರಾಜಿ ಎನ್ನಬೇಕೋ ಜಾಣತನ ಎನ್ನಬೇಕೋ ಎಂದು ನಮ್ಮ ಶಾಲೆಯ ಸಹೋದ್ಯೋಗಿಗಳು ಮಧ್ಯಾಹ್ನದ ಬುತ್ತಿಯ ಹೊತ್ತಿನಲ್ಲಿ ವಾದ ಮಾಡಿದರು. ವಾದದಲ್ಲಿ ನಾನು ಸೇರಲಿಲ್ಲ.

ಅಲ್ಲಿಂದೀಚೆಗೆ ಮಣೆಗಳು ಪಡಸಾಲೆಯಲ್ಲೇ ಉಳಿದಿವೆ, ತಿಂಗಳ ಎಲ್ಲ ದಿನವೂ. ದೇವರ ಖೋಲಿಯಲ್ಲಿ ಸೊಂಟ ನೋಯುತ್ತದೆ, ಗಾಳಿ ಬರುವುದಿಲ್ಲ, ಪಡಸಾಲೆಯೇ ಹಸನು ಎಂಬುದು ಅತ್ತೆಯವರ ವಿವರಣೆ. ಆದರೂ ಮಗಳ ಐದು ದಿನ ಮುಗಿದ ಮೇಲೆ ಅವರು ದೇವರ ಖೋಲಿಯ ನೆಲವನ್ನು ತಪ್ಪದೆ ಒರೆಸುತ್ತಾರೆ, ಅಲ್ಲಿಗೆ ಯಾರೂ ಹೋಗಿಲ್ಲದಿದ್ದರೂ. ಮೊನ್ನೆ ಹಾಗೆ ಒರೆಸುತ್ತ ಜಗಲಿಯ ಮೇಲಿನ ಪುಸ್ತಕಗಳ ಗಂಟನ್ನು ಪಡಸಾಲೆಗೆ ತಂದಿಟ್ಟರು, ಧೂಳು ಹೊಡೆಯುವುದಕ್ಕೆ. ತಿರುಗಿ ಒಳಗೆ ಇಡುವುದನ್ನು ಮರೆತಿದ್ದಾರೆ. ನಾನು ನೆನಪು ಮಾಡಿಲ್ಲ.