ಮಿರಜ-ಸಾಂಗ್ಲಿ ನಡುವಿನ ವಾನ್ಲೆಸ್‌ವಾಡಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲಾದಾಗಿನ ನಮ್ಮ ಜತ್ ಕಡೆ ಮಂದಿ ಸಾಂಗ್ಲಿ ಮಿರಜಕ್ಕ ಹೋಗೂದು ಒಂದ ಕೋರ್ಟಿಗೆ, ಇಲ್ಲಾ ದವಾಖಾನಿಗೆ. ಈ ಸಲ ನಾನು ಕಾಕಾ ಸುಮ್ನ ತಿರಗಾಡಾಕ ಹೋಗಿದ್ವಿ. ಮಿರಜದಾಗ ಸಿತಾರ ಮಾಡೋ ಓಣಿ ನೋಡಿ, ಸಾಂಗ್ಲಿ ಕಡೆ ಹೊಂಟ ರಿಕ್ಷಾ ಹತ್ತಿದ್ವಿ. ವಿಶ್ರಾಮಬಾಗ ಸನೇಕ ಬಂದಾಗ ಅಂಗಡಿ ಬೋರ್ಡ್ ಮ್ಯಾಲೆ ವಾನ್ಲೆಸ್‌ವಾಡಿ ಅಂತ ಕಂಡ್ತು, ಮುಂದಿನ ಅಂಗಡ್ಯಾಗ ಅದ ಹೆಸರು ಬ್ಯಾರೆ ಸ್ಪೆಲಿಂಗ್.

'ಕಾಕಾ, ಈ ವಾನ್ಲೆಸ್ ಯಾರ್ರೀ?' ಅಂದೆ. 'ಮಿಶನ್ ದವಾಖಾನಿ ಸಾಹೇಬಲೇ, ಇಳಿ ಇಲ್ಲೆ ಚಾ ಕುಡ್ಯೂಣು' ಅಂದ್ರು.

ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು 1865ರಾಗ, ಕೆನಡಾದಾಗ. ಅಮೆರಿಕದ ಪ್ರೆಸ್ಬಿಟೇರಿಯನ್ ಅನ್ನೋ ಕ್ರಿಶ್ಚಿಯನ್ ಪಂಥದ ಮಿಶನ್ ಡಾಕ್ಟರ್ ಆಗಿ 1889ರಾಗ ಈ ಕಡೆ ಬಂದ್ರು, 1894ರಾಗ ಮಿರಜದ ಆಸ್ಪತ್ರೆ ಸುರು ಆತು. ಧರ್ಮ ಹೇಳಾಕ ಬಂದವ್ರು ಖರೆ, ಆದ್ರ ಮಂದಿ ನೆನಪಿಟ್ಟಿದ್ದು ಆಪರೇಶನ್. ಮಿರಜಕ್ಕ ರೈಲ್ವೆ ಇತ್ತು, ಹಂಗಾಗಿ ಬೆಳಗಾವಿ ಬಿಜಾಪುರ ಕಡಿಂದನೂ ಮಂದಿ ಬರ್ತಿದ್ರು, ಇವತ್ತಿಗೂ ನಮ್ಮ ಕಡೆ ಊರ ಡಾಕ್ಟರ್ ಕೈ ಬಿಟ್ಟ ಅಂದ್ರ 'ಮಿರಜಕ್ಕ ಒಯ್ಯಿರಿ' ಅನ್ನೂದ ಕಡೀ ಮಾತು. 1928ರಾಗ ಬ್ರಿಟಿಷರು ಅವರಿಗೆ ಸರ್ ಪದವಿ ಕೊಟ್ರು, 1933ರಾಗ ತೀರಿಕೊಂಡ್ರು.

ಆದ್ರ ಆಸ್ಪತ್ರೆ ಇದ್ದದ್ದು ಮಿರಜದಾಗ, ಹೆಸರು ಇಲ್ಲಿಗ್ಯಾಕ ಬಂತು? ಟಿಬಿ ಇಂದ. ಎರಡೂ ಊರ ನಡುವ ಈ ಬಯಲಾಗ ಟಿಬಿ ಸ್ಯಾನಿಟೋರಿಯಂ, ಅಂದ್ರ ಪೇಶಂಟ್ ಬಾಳ ದಿನ ಇದ್ದು ಆರೈಕಿ ಮಾಡಿಸ್ಕೊಳ್ಳೋ ದವಾಖಾನಿ, ಮಾಡಿದ್ರು, ಅದರ ಜೋಡಿ ಈ ವಾಡಿಗೂ, ಅಂದ್ರ ಸಣ್ಣ ವಸ್ತಿಗೂ, ಅವರ ಹೆಸರ ಬಂತು. ಆವಾಗ ಟಿಬಿಗೆ ಗುಳಿಗಿನೂ ಇಲ್ಲ ಇಂಜೆಕ್ಷನ್ನೂ ಇಲ್ಲ, ಟಿಬಿ ಔಷಧ ಸ್ಟ್ರೆಪ್ಟೋಮೈಸಿನ್ ಕಂಡುಹಿಡದದ್ದ 1943ರಾಗ. ಅದಕ್ಕೂ ಮೊದ್ಲು ಔಷಧ ಅಂದ್ರ ಗಾಳಿ, ಬಿಸಲು, ಹಾಲು ತತ್ತಿ, ತಿಂಗಳಗಟ್ಲೆ ಸುಮ್ನ ಮಲಗೂದು. ಪ್ಯಾಟ್ಯಾಗ ಟಿಬಿ ಪೇಶಂಟಿಗೆ ಬಾಡಿಗಿ ಖೋಲಿ ಯಾರ್ ಕೊಡ್ತಿದ್ರು ಹೇಳ್ರಿ? ತಿಂಗಳಗಟ್ಲೆ ಪೇಶಂಟ್ ಇದ್ರ ನರ್ಸು, ಅಡಗಿಯವ್ರು, ನೋಡಾಕ ಬಂದ ಮನಿಮಂದಿ, ಹಾಲ ಮಾರಾವ ಎಲ್ಲಾರೂ ಬೇಕ ಬೇಕು. ನನ್ನ ಲೆಕ್ಕದಾಗ ವಾಡಿ ಆಗಾಕ ಅಷ್ಟು ಸಾಕು.

ಈಗ ವಾಡಿ ಅಂತ ಹುಡುಕಿದ್ರ ನಿರಾಸೆ ಆಗತೈತಿ. ಸಾಂಗ್ಲಿ ಮಿರಜ ಕುಪವಾಡ ಕೂಡಿಸಿ 1998ರಾಗ ಮಹಾನಗರಪಾಲಿಕೆ ಮಾಡಿದ್ರು, ಎಲ್ಲಾ ಕಡೆ ಅಪಾರ್ಟ್ಮೆಂಟು, ಮೊಬೈಲ್ ಅಂಗಡಿ, ಕೋಚಿಂಗ್ ಕ್ಲಾಸು. ಚಾದಂಗಡಿ ಹುಡುಗನ್ನ ಕೇಳಿದ್ರ ಹಾಲ ಉಕ್ಕೂದ ನೋಡ್ಕೋತ 'ಮೋಠಾ ಡಾಕ್ಟರ್ ಹೋತಾ', ಅಂದ್ರ ದೊಡ್ಡ ಡಾಕ್ಟರ್ ಇದ್ದ, ಅಂತ ಮರಾಠ್ಯಾಗ ಅಂದ, ಒಲಿ ಸಣ್ಣ ಮಾಡಿ ಶುಂಠಿ ಜಜ್ಜಾಕ ಹತ್ತಿದ. ಅಷ್ಟ ಗೊತ್ತಿದ್ರೂ ಬಾಳ ಆತು ಬಿಡ್ರಿ, ನಮ್ಮೂರ ಸರ್ಕಲ್‌ಗೆ ಹೆಸರು ಇಟ್ಟವ್ರ ಬಗ್ಗೆ ನನಗ ಅಷ್ಟೂ ಗೊತ್ತಿಲ್ಲ.

ಕಾಕಾಗ ಸಾಂಗ್ಲಿ ಗಣಪತಿ ಗುಡಿಗೆ ಹೋಗೂ ಅವಸರ, ಇನ್ನೊಂದು ರಿಕ್ಷಾಕ್ಕ ಕೈ ಮಾಡಿದ್ರು.