ವಾಲ್ಯೂಮ್ ಮುಟ್ಟಬೇಡಿ

ಮೊದಲ ಸಲ ಮೊಗ್ವಾಯ್ ಅನ್ನೋ ಪೋಸ್ಟ್-ರಾಕ್ ಬ್ಯಾಂಡ್ ಕೇಳಿದಾಗ ಹೆಡ್‌ಫೋನ್ ಕಿತ್ತು ಹಾಸಿಗೆ ಮೇಲೆ ಎಸೆದಿದ್ದೆ. ತಪ್ಪು ನನ್ನದೇ. 1997ರ ‘ಮೊಗ್ವಾಯ್ ಫಿಯರ್ ಸೇಟನ್’, 16 ನಿಮಿಷದ ಟ್ರ್ಯಾಕ್. ನಡುವೆ ಎಲ್ಲಾ ಇಳಿದು ಇಳಿದು, ಗಿಟಾರ್ ಸುಮ್ನೆ ಮಿಡಿಯುತ್ತಾ, ಮೇಲೊಂದು ಕೊಳಲು. ಏನೂ ಕೇಳಿಸುತ್ತಿಲ್ಲವಲ್ಲ ಅಂತ ವಾಲ್ಯೂಮ್ ಏರಿಸಿದೆ, ಸಾಲಲಿಲ್ಲ ಅಂತ ಇನ್ನೂ ಏರಿಸಿದೆ. ಆಗ ಗಿಟಾರ್‌ಗಳೆಲ್ಲ ಒಟ್ಟಿಗೆ ಮೈಮೇಲೆ ಬಿದ್ದವು ನೋಡಿ!

ಅವತ್ತಿಂದ ನಾನು ಕಲಿತದ್ದು ಇಷ್ಟೇ. ಈ ಸಂಗೀತದಲ್ಲಿ ಸಣ್ಣ ಸದ್ದು ಸಣ್ಣದಾಗಿಯೇ ಇರಬೇಕು.

‘ಪೋಸ್ಟ್-ರಾಕ್’ ಅನ್ನೋ ಹೆಸರು ಓಡಾಡತೊಡಗಿದ್ದು 1994ರಲ್ಲಿ, ವಿಮರ್ಶಕ ಸೈಮನ್ ರೆನಾಲ್ಡ್ಸ್ ಬರೆದದ್ದರಿಂದ. ಗಿಟಾರ್, ಡ್ರಮ್ಸ್ ಎಲ್ಲಾ ರಾಕ್‌ನದ್ದೇ, ಮಾಡೋ ಕೆಲಸ ಮಾತ್ರ ರಾಕ್‌ನದ್ದಲ್ಲ. ಪಲ್ಲವಿ ಇಲ್ಲ, ಚರಣ ಇಲ್ಲ, ಎಷ್ಟೋ ಸಲ ಹಾಡೋರೇ ಇಲ್ಲ. ಹಾಗಾಗಿ ಉಳಿಯೋದು ಏರಿಳಿತ ಒಂದೇ. ಅದನ್ನೂ ನಾವು ಗುಂಡಿ ತಿರುಗಿಸಿ ಸಮ ಮಾಡಿಬಿಟ್ಟರೆ ಇನ್ನೇನು ಕೇಳೋದು? (ಫೋನ್‌ನಲ್ಲಿ ಎಲ್ಲಾ ಸದ್ದನ್ನೂ ಒಂದೇ ಮಟ್ಟಕ್ಕೆ ತರೋ ಸೆಟ್ಟಿಂಗ್ ಇದ್ದರೆ ಮೊದಲು ಆಫ್ ಮಾಡಿ. ಶಫಲ್ ಕೂಡ.)

ಆಂಬಿಯೆಂಟ್, ಅಂದರೆ ಹಿನ್ನೆಲೆಯಲ್ಲಿ ಮೆಲ್ಲಗೆ ತೇಲುವ ಸಂಗೀತ, ಅದರ ಕಥೆ ಉಲ್ಟಾ. 1975ರಲ್ಲಿ ಇಂಗ್ಲಿಷ್ ಸಂಗೀತಗಾರ ಬ್ರಯಾನ್ ಈನೋ ಅಪಘಾತವಾಗಿ ಮಲಗಿದ್ದಾಗ, ನೋಡಲು ಬಂದ ಗೆಳತಿ ಹಾರ್ಪ್ ಎಂಬ ತಂತಿವಾದ್ಯದ ಸಂಗೀತದ ರೆಕಾರ್ಡ್ ಕೊಟ್ಟು ಹೋದಳು. ಕಷ್ಟಪಟ್ಟು ಅದನ್ನು ಹಾಕಿ ಬಂದು ಮಲಗಿದ ಮೇಲೆ ಗೊತ್ತಾಯಿತು, ವಾಲ್ಯೂಮ್ ತುಂಬಾ ಕಡಿಮೆ ಇದೆ, ಒಂದು ಕಡೆಯ ಸ್ಪೀಕರ್ ಬೇರೆ ಸತ್ತಿದೆ. ಮತ್ತೆ ಎದ್ದು ಹೋಗಲು ಶಕ್ತಿ ಇಲ್ಲ. ಹೊರಗೆ ಮಳೆ. ಮಳೆ ಸದ್ದಿನ ನಡುವೆ ಹಾರ್ಪ್‌ನ ಸ್ವರಗಳು ಒಂದೊಂದಾಗಿ ಅಷ್ಟಿಷ್ಟು ಕೇಳಿಸುತ್ತಿದ್ದವಂತೆ. ವಾಲ್ಯೂಮ್ ಏರಿಸಲು ಆಗದೆ ಹೋದದ್ದೇ ಒಳ್ಳೆಯದಾಯಿತು, ಅಲ್ವಾ?

ಆ ಅನುಭವದಿಂದ ಹುಟ್ಟಿದ ಯೋಚನೆ ಹಿಡಿದು ಮುಂದೆ 1978ರಲ್ಲಿ ಅವರ ಆಲ್ಬಮ್ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಬಂತು. ಅದರಲ್ಲೊಂದು ಟ್ರ್ಯಾಕ್ ಪೂರ್ತಿ ಮನುಷ್ಯರ ದನಿಯದ್ದು, ಒಂದೊಂದು ಟೇಪಿನ ಸುರುಳಿಯಲ್ಲಿ ಒಂದೇ ಒಂದು ‘ಆ’. ಒಂದು ಸುರುಳಿ ಸುತ್ತಿ ಬರಲು ಸುಮಾರು 23.5 ಸೆಕೆಂಡ್, ಇನ್ನೊಂದಕ್ಕೆ 26ರ ಹತ್ತಿರ, ಮತ್ತೊಂದಕ್ಕೆ 30ರ ಹತ್ತಿರ. ಲೆಕ್ಕ ತಾಳೆಯಾಗುವುದೇ ಇಲ್ಲ, ಅದಕ್ಕೇ ದನಿಗಳು ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ಒಂದನ್ನೊಂದು ತಾಕುತ್ತವೆ. ಫ್ಯಾನ್ ಸದ್ದಿಗಿಂತ ಒಂದು ಚೂರು ಕಡಿಮೆ ಇಟ್ಟು ಕೇಳಿ ನೋಡಿ. ಸ್ವಲ್ಪ ಹೊತ್ತಿಗೆ ಫ್ಯಾನ್ ಯಾವುದು, ‘ಆ’ ಯಾವುದು ಅಂತ ಅನುಮಾನ ಬರುತ್ತದೆ. ನನಗಂತೂ ನಿದ್ದೆಯೂ ಬಂದಿದೆ. ಅದಕ್ಕೆ ನಾಚಿಕೆ ಏನಿಲ್ಲ.

ಪೋಸ್ಟ್-ರಾಕ್‌ಗೆ ಮಾತ್ರ ಈ ಉಪಾಯ ನಡೆಯದು. ಅತಿ ಜೋರಾದ ಜಾಗ ಹುಡುಕಿ, ಅಲ್ಲಿ ಕಿವಿ ತಡೆಯುವಷ್ಟು ವಾಲ್ಯೂಮ್ ಇಟ್ಟು, ಆಮೇಲೆ ಮೊದಲಿಂದ ಶುರು ಮಾಡಬೇಕು. ಆದರೆ ಹುಡುಕಲು ಹೋದರೆ ಸ್ಫೋಟ ಎಲ್ಲಿದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ, ಮಜಾ ಅರ್ಧ ಹೋಯಿತು. ಹಾಗಾಗಿ ಈಗ ಹೊಸ ಆಲ್ಬಮ್ ಸಿಕ್ಕಾಗೆಲ್ಲ ಈ ಕೆಲಸ ತಮ್ಮನಿಗೆ. ಒಂಬತ್ತು ನಿಮಿಷ ಸುಮ್ಮನೆ ಕೂತು ಕೇಳಿ, “ಹಾಡು ಯಾವಾಗ ಶುರುವಾಗತ್ತೆ?” ಅಂದಿದ್ದವನು ಅವನೇ. ವಾಲ್ಯೂಮ್ ಮಾತ್ರ ಸರಿಯಾಗಿ ಇಡುತ್ತಾನೆ.